ಸತ್ತ ಸರ್ಟಿಫಿಕೇಟು ಎದ್ದು ಕೂತಿತು

2021ರ ಜೂನ್ 3. ಕೊರೊನಾ ಎರಡನೇ ಅಲೆಯ ಹೊಡೆತದಿಂದ ದೇಶ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಆಕ್ಸಿಜನ್ ಇರುವ ಹಾಸಿಗೆ ಸಿಕ್ಕವನೇ ಪುಣ್ಯವಂತ ಅನ್ನುವ ಕಾಲ. ಅಂಥ ಹೊತ್ತಿನಲ್ಲಿ ದಿಲ್ಲಿಯಿಂದ ಒಂದು ಪುನರ್ಜನ್ಮದ ಸುದ್ದಿ ಬಂತು. ಮನುಷ್ಯರದ್ದು ಅಂದುಕೊಳ್ಳಬೇಡಿ, ಎದ್ದು ಕೂತದ್ದು ಟಿಇಟಿ ಸರ್ಟಿಫಿಕೇಟು. ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದವರ ಪ್ರಮಾಣಪತ್ರಕ್ಕೆ ಇದ್ದ 7 ವರ್ಷದ ಆಯಸ್ಸು ರದ್ದು, ಇನ್ನು ಅದು ಆಜೀವ ಸಿಂಧು ಎಂದು ಆಗಿನ ಕೇಂದ್ರ ಶಿಕ್ಷಣ ಸಚಿವ ರಮೇಶ್ ಪೋಖ್ರಿಯಾಲ್ ನಿಶಾಂಕ್ ಘೋಷಿಸಿದರು. ಅದೂ 2011ರಿಂದ ಪೂರ್ವಾನ್ವಯವಾಗುವಂತೆ.

ಈ ಪೂರ್ವಾನ್ವಯದ ಮಹಿಮೆ ಸಾಮಾನ್ಯವಲ್ಲ. ಮೊಟ್ಟಮೊದಲ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ, ನಡೆದದ್ದು 2011ರ ಜೂನ್ 26ರಂದು. ಆ ಸಾಲಿನ ಸರ್ಟಿಫಿಕೇಟುಗಳು ಏಳು ವರ್ಷ ತುಂಬಿ 2018ರಲ್ಲೇ ಕಣ್ಣುಮುಚ್ಚಿದ್ದವು. ವಾರಸುದಾರರು ಅತ್ತು, ಸಮಾಧಾನ ಮಾಡಿಕೊಂಡು, ಮತ್ತೆ ಶುಲ್ಕ ಕಟ್ಟಿ, ಮತ್ತೆ ಗೈಡ್ ಕೊಂಡು ಎರಡನೇ ಸರ್ಟಿಫಿಕೇಟು ಸಂಪಾದಿಸಿಕೊಂಡಿದ್ದರು. ಈಗ ಹಳೆಯದೂ ಎದ್ದು ಬಂತು. ಸಾವಿತ್ರಿ ಗಂಡನ ಪ್ರಾಣಕ್ಕಾಗಿ ಯಮನ ಹಿಂದೆ ಎಷ್ಟು ದೂರ ನಡೆದಳೋ ಪಾಪ. ಇಲ್ಲಿ ಒಂದು ಪತ್ರಿಕಾ ಪ್ರಕಟಣೆ ಸಾಕಾಯಿತು. ಎರಡನೇ ಸಲ ಕಟ್ಟಿದ ಶುಲ್ಕ ವಾಪಸ್ ಕೊಡಿ ಅಂತ ಕೇಳುವಷ್ಟು ಅವಿವೇಕಿಗಳು ನಮ್ಮ ಶಿಕ್ಷಕ ಆಕಾಂಕ್ಷಿಗಳಲ್ಲ, ಅವರು ಟಿಇಟಿ ಪಾಸಾದವರು.

ಅಷ್ಟಕ್ಕೂ ಈ ಏಳು ವರ್ಷ ಎಲ್ಲಿಂದ ಬಂತು? 2011ರ ಫೆಬ್ರವರಿಯ ಮಾರ್ಗಸೂಚಿಯಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಹಾಗೆ ಬರೆದಿತ್ತು: ಸಿಂಧುತ್ವದ ಅವಧಿಯನ್ನು ಸರ್ಕಾರಗಳು ತೀರ್ಮಾನಿಸಲಿ, ಗರಿಷ್ಠ ಏಳು ವರ್ಷ. ಎಂಟನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ಅಭ್ಯರ್ಥಿಯ ತಲೆಯಲ್ಲಿರುವ ಶಿಶು ಮನೋವಿಜ್ಞಾನ ಜ್ವರದ ಮಾತ್ರೆಯ ಹಾಗೆ ಎಕ್ಸ್‌ಪೈರಿ ಆಗುತ್ತದೆಯೇ? ಆಗುವುದಿದ್ದರೆ ಅದೇ ಜ್ಞಾನ ಕೊರೊನಾ ಬಂದ ಮೇಲೆ ಸಾಯುವವರೆಗೆ ಕೆಡದೆ ಉಳಿಯುವುದು ಹೇಗೆ? ಮುಂದೆ ಪಾಸಾಗುವವರಿಗೆ ಆಜೀವ ಸಿಂಧುತ್ವ ಕೊಡೋಣ ಎಂದು ಪರಿಷತ್ತು ತನ್ನ 50ನೇ ಸಾಮಾನ್ಯ ಸಭೆಯಲ್ಲಿ, 2020ರ ಸೆಪ್ಟೆಂಬರ್ 29ರಂದೇ ತೀರ್ಮಾನಿಸಿತ್ತು. ಹಿಂದಿನವರಿಗೂ ಕೊಟ್ಟರಾಯಿತು ಅನ್ನಿಸಲು ಎಂಟು ತಿಂಗಳು ಬೇಕಾಯಿತು. ಎರಡಕ್ಕೂ ಕಾರಣ ಕೇಳಬಾರದು. ಕಡತದಲ್ಲಿ ಕಾರಣ ಇರುತ್ತದೆ, ಕಡತ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಆ ಕಾಲದಲ್ಲಿ ಬರೀ ಟಿಇಟಿಗೆ ಈ ಯೋಗ ಕೂಡಿಬಂದದ್ದಲ್ಲ. ದೇಶದ ಕಾಗದಪತ್ರಗಳಿಗೆಲ್ಲ ಗುರುಬಲ ಬಂದಿತ್ತು. 2020ರ ಫೆಬ್ರವರಿಯಲ್ಲಿ ಅವಧಿ ಮುಗಿದ ಡ್ರೈವಿಂಗ್ ಲೈಸೆನ್ಸಿಗೆ ಸಾರಿಗೆ ಸಚಿವಾಲಯ ಮೊದಲು ಜೂನ್‌ವರೆಗೆ ಜೀವದಾನ ಮಾಡಿತು, ಆಮೇಲೆ ಸೆಪ್ಟೆಂಬರ್, ಆಮೇಲೆ ಡಿಸೆಂಬರ್, ಹೀಗೆ ಎಳೆದು ಎಳೆದು 2021ರ ಅಕ್ಟೋಬರ್ 31ಕ್ಕೆ ತಂದು ನಿಲ್ಲಿಸಿತು. ಗಾಡಿ ಓಡಿಸದೆ ಮನೆಯಲ್ಲಿ ಕೂತವನ ಲೈಸೆನ್ಸು ಊರ್ಜಿತ. ಪಾಠ ಮಾಡಲು ಶಾಲೆಯೇ ತೆರೆದಿರದವನ ಅರ್ಹತೆ ಆಜೀವ. ವೈರಸ್ಸು ಮುಟ್ಟದೆ ಬಿಟ್ಟ ಏಕೈಕ ಜೀವಿ ಎಂದರೆ ದಾಖಲೆ.

ಇಷ್ಟೆಲ್ಲ ಆದ ಮೇಲೆ ಆ ಎದ್ದು ಬಂದ ಕಾಗದವನ್ನು ಹಿಡಿದುಕೊಂಡು ಅಭ್ಯರ್ಥಿ ದಾಖಲೆ ಪರಿಶೀಲನೆಗೆ ಹೋಗಬೇಕಲ್ಲ, ಆ ದೃಶ್ಯವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಕೇಸ್ ವರ್ಕರ್ ಕನ್ನಡಕ ಏರಿಸುತ್ತಾರೆ.

‘ಇದರಲ್ಲಿ ಏಳು ವರ್ಷ ಅಂತ ಇದೆಯಲ್ಲಮ್ಮಾ.’

‘ಈಗ ಲೈಫ್‌ಟೈಮ್ ಆಗಿದೆ ಸಾರ್.’

‘ಎಲ್ಲಿ ಬರೆದಿದೆ?’

‘ಪೇಪರ್‌ನಲ್ಲಿ ಬಂದಿತ್ತಲ್ಲ ಸಾರ್.’

‘ಯಾವ ಪೇಪರ್‌ನಲ್ಲಿ ಬಂದರೂ ಈ ಪೇಪರ್‌ನಲ್ಲಿ ಬಂದಿಲ್ಲ. ಇದರ ನೈಜತೆ ಪ್ರಮಾಣಪತ್ರ ತನ್ನಿ, ಜೊತೆಗೆ ಸಿಂಧುತ್ವದ ಆದೇಶದ ಪ್ರತಿ, ಮೂರು ಸೆಟ್ ಜೆರಾಕ್ಸ್, ಗೆಜೆಟೆಡ್ ಸಹಿ.’

ಅವಧಿ ಮುಗಿದವರಿಗೆ ಹೊಸ ಪ್ರಮಾಣಪತ್ರ ಕೊಡಿ ಇಲ್ಲವೇ ಹಳೆಯದನ್ನೇ ಊರ್ಜಿತಗೊಳಿಸಿ ಎಂದು ಕೇಂದ್ರ ರಾಜ್ಯಗಳಿಗೆ ಹೇಳಿತ್ತು. ಹೇಳುವುದು ಕೇಂದ್ರದ ಕೆಲಸ, ಕೇಳಿಸಿಕೊಳ್ಳುವುದು ರಾಜ್ಯದ ಕೆಲಸ, ಅಲೆಯುವುದು ಅಭ್ಯರ್ಥಿಯ ಕೆಲಸ. ಸಿಟಿಇಟಿ ಅಂಕಪಟ್ಟಿ ಡಿಜಿಲಾಕರ್‌ಗೇ ಬಂದು ಕೂರುವ ಕಾಲದಲ್ಲೂ ಹಸಿರು ಇಂಕಿನ ಮರ್ಯಾದೆ ಕಡಿಮೆಯಾಗಿಲ್ಲ. ಇನ್ನು ವಯೋಮಿತಿಯ ವಿಷಯ. ಕಾಗದ ಆಜೀವ ಬದುಕುತ್ತದೆ, ಅದರ ಒಡೆಯನಿಗೆ ಅರ್ಜಿ ಹಾಕುವ ವಯಸ್ಸು ಮೀರಿರುತ್ತದೆ. ಅಂಥವರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಾತನ ಫೋಟೊ ಪಕ್ಕ ನೇತುಹಾಕಬಹುದು. ಪೂಜೆಗೆ ಅಡ್ಡಿಯಿಲ್ಲ.

ಪರೀಕ್ಷೆಗಳಾದರೋ ಮುಂದಕ್ಕೆ ಹೋಗುತ್ತಲೇ ಇದ್ದವು. 2020ರ ಜುಲೈ 5ಕ್ಕೆ ಇದ್ದ ಸಿಟಿಇಟಿ ನಡೆದದ್ದು 2021ರ ಜನವರಿ 31ಕ್ಕೆ. ನಮ್ಮ ರಾಜ್ಯದ ಟಿಇಟಿ 2020ರ ಅಕ್ಟೋಬರ್ 4ಕ್ಕೆ ಹೇಗೋ ನಡೆಯಿತು, ಮುಂದಿನದು 2021ರ ಆಗಸ್ಟ್ 22ಕ್ಕೆ. ಈ ನಡುವೆ ಬಿ.ಇಡಿ ಓದುತ್ತಿದ್ದವರ ಪಾಡು ನೋಡಬೇಕಿತ್ತು. ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಯಬೇಕೆಂಬುದು ನಿಯಮ. ಶಾಲೆಗಳಿಗೆ ಬೀಗ ಬಿದ್ದಿದೆ. ಹಾಗಾಗಿ ಹಿತ್ತಲಿನ ಗೋಡೆಗೆ ಕಪ್ಪು ಚಾರ್ಟು ಅಂಟಿಸಿ, ಸ್ಟೂಲಿನ ಮೇಲೆ ಮೊಬೈಲ್ ನಿಲ್ಲಿಸಿ, ಅಜ್ಜಿ, ಚಿಕ್ಕಪ್ಪನ ಮಗ ಮತ್ತು ಪಕ್ಕದ ಮನೆಯ ಪುಟ್ಟಿಯನ್ನು ಕೂರಿಸಿಕೊಂಡು ಎಂಟನೇ ತರಗತಿಗೆ ದ್ಯುತಿಸಂಶ್ಲೇಷಣೆ ಪಾಠ. ‘ಮಕ್ಕಳೇ, ಎಲೆ ಯಾಕೆ ಹಸಿರಾಗಿರುತ್ತೆ?’ ಅಜ್ಜಿ ಕೈ ಎತ್ತುತ್ತಾಳೆ. ‘ದೇವರು ಮಾಡಿದ್ದು ಕಣೋ.’ ಪಾಠ ಯೋಜನೆಯಲ್ಲಿ ‘ಮಕ್ಕಳು ಸಕ್ರಿಯವಾಗಿ ಪ್ರತಿಕ್ರಿಯಿಸಿದರು’ ಎಂದು ದಾಖಲಾಗುತ್ತದೆ. ಮಾರ್ಗದರ್ಶಕರು ನೆಟ್‌ವರ್ಕ್ ಇದ್ದಷ್ಟು ನೋಡಿ ಅಂಕ ಕೊಡುತ್ತಾರೆ. ಅಂಕಪಟ್ಟಿಯಲ್ಲಿ ಅಜ್ಜಿಯ ಉಲ್ಲೇಖ ಎಲ್ಲೂ ಇಲ್ಲ.

ಆಗಲೇ ನೌಕರಿಯಲ್ಲಿದ್ದ ಮೇಷ್ಟ್ರುಗಳಿಗೂ ಸರ್ಟಿಫಿಕೇಟಿನ ಬರ ಬರಬಾರದೆಂದು ಸರ್ಕಾರ 2020ರ ಅಕ್ಟೋಬರ್‌ನಿಂದ ನಿಷ್ಠಾ ತರಬೇತಿಯನ್ನು ದೀಕ್ಷಾ ಆ್ಯಪಿನೊಳಗೆ ಇಳಿಸಿತು. 18 ಮಾಡ್ಯೂಲುಗಳು. ನಮ್ಮ ಕಡೆಯ ಮೇಷ್ಟ್ರೊಬ್ಬರು ಅದರಲ್ಲಿ ‘ಶಾಲೆಗಳಲ್ಲಿ ಆರೋಗ್ಯ ಮತ್ತು ಯೋಗಕ್ಷೇಮ’ ಮಾಡ್ಯೂಲನ್ನು ಮುಗಿಸಿದ್ದು ಮನೆಮನೆ ಸಮೀಕ್ಷೆಗೆ ಹೋದಾಗ, ಕಂಟೈನ್‌ಮೆಂಟ್ ವಲಯದ ಬಿದಿರಿನ ತಡೆಗೋಡೆಗೆ ಆತುಕೊಂಡು. ಕೈಯಲ್ಲಿ ಥರ್ಮಲ್ ಗನ್ನು, ಮೂಗಿನ ಮೇಲೆ ಎರಡು ದಿನದಿಂದ ಒಗೆಯದ ಮಾಸ್ಕು, ಜೇಬಿನಲ್ಲಿ ಯೋಗಕ್ಷೇಮದ ವಿಡಿಯೊ ತನ್ನಷ್ಟಕ್ಕೆ ಓಡುತ್ತಿದೆ. ವಿಡಿಯೊ ಮುಗಿದರೂ ಪ್ರಗತಿ ಮಾತ್ರ 99ರಿಂದ 100ಕ್ಕೆ ಏರಲೊಲ್ಲದು. ಆ ಕಡೆಯಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಫೋನು: ‘ಸಾರ್, ನಮ್ಮ ಕ್ಲಸ್ಟರ್ ಒಂದೇ ಬಾಕಿ, ಬಿಇಓ ಸಾಹೇಬರು ಬೈತಿದಾರೆ.’ ರಸಪ್ರಶ್ನೆಯ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿಗೆ ಮೊದಲೇ ಬಂದಿದ್ದವು, ಅದೊಂದು ಪುಣ್ಯ. ಸರ್ಟಿಫಿಕೇಟು ಡೌನ್‌ಲೋಡ್ ಆದ ದಿನ ಅವರು ಸಮೀಕ್ಷೆ ಮಾಡಿದ ಬೀದಿಯಲ್ಲಿ ಇನ್ನೂ ಎರಡು ಮನೆಗೆ ಕ್ವಾರಂಟೈನ್ ಚೀಟಿ ಅಂಟಿತ್ತು.

ಇಷ್ಟು ಹೊತ್ತು ನಗೆಚಾಟಿಕೆ ಆಯಿತು. ಉತ್ತರ ಪ್ರದೇಶದ ಕಡತ ತೆಗೆದರೆ ನಗು ಬರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಅಲ್ಲಿ ಪಂಚಾಯತ್ ಚುನಾವಣೆ. ಮತಗಟ್ಟೆಗೆ ಯಾರು? ಮೇಷ್ಟ್ರುಗಳೇ. ಚುನಾವಣಾ ಕೆಲಸ ಮಾಡಿ ಕೋವಿಡ್‌ನಿಂದ ಸತ್ತವರು 1,621 ಮಂದಿ ಎಂದು ಪ್ರಾಥಮಿಕ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರ ತನ್ನ ದಾಖಲೆ ನೋಡಿ ಹೇಳಿತು: ಮೂರು. ಯಾರೂ ಸುಳ್ಳು ಹೇಳಿರಲಿಲ್ಲ. ನಿಯಮದ ಪ್ರಕಾರ ಡ್ಯೂಟಿಯ ಸಾವು ಎಂದರೆ ಕೆಲಸಕ್ಕೆ ಮನೆಯಿಂದ ಹೊರಟ ಗಳಿಗೆಯಿಂದ ಮರಳಿ ಮನೆ ಸೇರುವವರೆಗೆ ಸಾಯುವುದು. ವೈರಸ್ಸು ಈ ನಿಯಮಾವಳಿ ಓದಿರಲಿಲ್ಲ. ಅದು ಮತಗಟ್ಟೆಯಲ್ಲಿ ಮೈಸೇರಿ, ಮೇಷ್ಟ್ರ ಜೊತೆ ಮನೆಗೆ ಬಂದು, ನಾಲ್ಕೈದು ದಿನ ಬಿಟ್ಟು ಕೆಲಸ ಶುರುಮಾಡಿತ್ತು. ಗಲಾಟೆಯಾದ ಮೇಲೆ ನಿಯಮ ತಿದ್ದಿ, ಚುನಾವಣಾ ಕರ್ತವ್ಯದಿಂದ 30 ದಿನದೊಳಗಿನ ಸಾವಿಗೆ ಪರಿಹಾರ ಎಂದರು. ಹೆಚ್ಚುಕಡಿಮೆ ಅದೇ ವಾರಗಳಲ್ಲೇ ದಿಲ್ಲಿಯಲ್ಲಿ ಸರ್ಟಿಫಿಕೇಟಿನ ಆಯಸ್ಸನ್ನೂ ತಿದ್ದಿದ್ದು. ಕಾಗದ ಬದುಕಲು ಹತ್ತು ವರ್ಷದ ಪೂರ್ವಾನ್ವಯ, ಮೇಷ್ಟ್ರು ಸತ್ತದ್ದಕ್ಕೆ ಮೂವತ್ತು ದಿನ.

ನಮ್ಮ ರಾಜ್ಯದ ದಾಖಲೆ ಇದಕ್ಕಿಂತ ಉಲ್ಲಾಸದಾಯಕ. 2021ರ ಜುಲೈನಲ್ಲಿ ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಎಸ್ಸೆಸ್ಸೆಲ್ಸಿ ಮುಗಿಯಿತು. ಎಂಟೂ ಮುಕ್ಕಾಲು ಲಕ್ಷದ ಹತ್ತಿರ ಮಕ್ಕಳು ಬರೆದರು. ಒಬ್ಬ ವಿದ್ಯಾರ್ಥಿ ಬಿಟ್ಟು ಎಲ್ಲರೂ ಪಾಸು. ಆ ಒಬ್ಬರದ್ದೂ ಬೇರೆಯವರನ್ನು ಕೂರಿಸಿ ಬರೆಸಿದ ಪ್ರಕರಣ. 157 ಮಂದಿಗೆ 625ಕ್ಕೆ 625. ಮಕ್ಕಳನ್ನು ದೂರುವಂತಿಲ್ಲ, ಆ ವರ್ಷ ಬೇರೆ ದಾರಿಯೂ ಇರಲಿಲ್ಲ. ಆ ಬ್ಯಾಚಿನವರಲ್ಲಿ ಕೆಲವರು ಪಿಯುಸಿ ಮುಗಿಸಿ, ಡಿ.ಇಡಿ ಮುಗಿಸಿ ಈಗ ಟಿಇಟಿ ಬಾಗಿಲಲ್ಲಿ ನಿಂತಿದ್ದಾರೆ. ಪಾಸಾದರೆ ಅದು ಜೀವಮಾನಕ್ಕೆ.

ಟಿಇಟಿ ದಾಖಲೆಗಳ ಶುದ್ಧಿಯ ಬಗ್ಗೆ ಸಂಶಯ ಇರುವವರು 2022ರ ನವೆಂಬರ್ ನೆನಪಿಸಿಕೊಳ್ಳಬಹುದು. ಶಿವಮೊಗ್ಗದ ಪರೀಕ್ಷಾ ಕೇಂದ್ರಕ್ಕೆ ಅಭ್ಯರ್ಥಿಯೊಬ್ಬರು ತಂದ ಹಾಲ್ ಟಿಕೆಟಿನಲ್ಲಿ ನಟಿ ಸನ್ನಿ ಲಿಯೋನ್ ಫೋಟೊ ಇತ್ತು. ಫೋಟೊ ಅಪ್‌ಲೋಡ್ ಮಾಡುವವರು ಅಭ್ಯರ್ಥಿಗಳೇ, ನಮ್ಮ ಕೈವಾಡವಿಲ್ಲ ಎಂದು ಇಲಾಖೆ ಸ್ಪಷ್ಟನೆ ಕೊಟ್ಟು ಪೊಲೀಸರಿಗೂ ದೂರು ಕೊಟ್ಟಿತು. ಅರ್ಜಿ ತುಂಬಿದ್ದು ಬೇರೆಯವರಂತೆ. ಪಾಪ, ಆ ಅಭ್ಯರ್ಥಿಯ ಮಾನ ಹೋಯಿತು. ಅಪ್‌ಲೋಡ್ ಆದ ಮುಖವನ್ನು ಒಂದು ಸಲವೂ ನೋಡದೆ ಹಾಲ್ ಟಿಕೆಟು ಮುದ್ರಿಸಿ ಕೊಟ್ಟ ಸಾಫ್ಟ್‌ವೇರಿನ ಮಾನಕ್ಕೆ ಏನೂ ಆಗಲಿಲ್ಲ.

ಇಂಥ ತುರ್ತು ನಿಯಮಗಳು ಹೊರದೇಶದಲ್ಲೂ ಬಂದಿದ್ದವು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ 2020ರ ಜೂನ್‌ನಲ್ಲಿ ತುರ್ತು ಲೈಸೆನ್ಸಿಗೆ ದಾರಿ ಮಾಡಿದರು. ಪದವಿ ಇದ್ದರೆ ಸಾಕು, ಅರ್ಹತಾ ಪರೀಕ್ಷೆ ಆಮೇಲೆ. ಅಲ್ಲಿನ ಜನ ಮಾಡಿದ ಒಂದು ಅಧಿಕಪ್ರಸಂಗವೆಂದರೆ, ಹೀಗೆ ಬಂದವರು ಹೇಗೆ ಪಾಠ ಮಾಡುತ್ತಿದ್ದಾರೆ ಎಂದು ನೋಡಿದ್ದು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದರೆ, ಇವರ ಕೆಲಸ ಉಳಿದ ಹೊಸ ಶಿಕ್ಷಕರಿಗೆ ಹೆಚ್ಚುಕಡಿಮೆ ಸರಿಸಾಟಿಯಾಗಿತ್ತು. ನ್ಯೂಯಾರ್ಕ್ ರಾಜ್ಯವಂತೂ ಎಡ್‌ಟಿಪಿಎ ಎಂಬ ತನ್ನ ದುಬಾರಿ ಮೌಲ್ಯಮಾಪನದ ಕಡ್ಡಾಯವನ್ನು 2022ರಲ್ಲಿ ಕೈಬಿಟ್ಟಿತು. ಪರೀಕ್ಷೆಯೇ ಬೇಡ ಅನ್ನುವ ಪಂಗಡದವನು ನಾನಲ್ಲ. ಭಿನ್ನರಾಶಿ ಕಂಡರೆ ಬೆವರುವ ಮೇಷ್ಟ್ರ ಕೈಗೆ ಐದನೇ ತರಗತಿ ಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ನಿಯಮ ಸಡಿಲಿಸಿದ ಮೇಲೆ ತರಗತಿಯೊಳಗೆ ಒಮ್ಮೆ ಇಣುಕಿ ನೋಡುವ ಚಟ ನಮಗೆ ಹತ್ತಲಿಲ್ಲ. ನಾವು ನೋಡಿದ್ದು ಕಾಗದದ ಮೇಲಿನ ತಾರೀಖನ್ನು.

ಆ ತಾರೀಖಿನ ಕತೆಯ ಎರಡನೇ ಅಂಕ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನಲ್ಲಿ ತೆರೆದುಕೊಂಡಿತು. ನೌಕರಿಯಲ್ಲಿರುವ ಶಿಕ್ಷಕರಿಗೂ ಟಿಇಟಿ ಕಡ್ಡಾಯ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲವೇ ಮನೆಗೆ ಹೋಗಬೇಕು. ಐದು ವರ್ಷದೊಳಗೆ ಇರುವವರಿಗೆ ಕ್ಷಮಾದಾನ, ಆದರೆ ಬಡ್ತಿ ಕೇಳುವಂತಿಲ್ಲ. ಟಿಇಟಿ ಎಂಬ ಹೆಸರೇ ಹುಟ್ಟುವ ಮುಂಚೆ ಅಂದಿನ ನಿಯಮದ ಪ್ರಕಾರ ನೇಮಕವಾದವರಿಗೆ 2010ರ ಆಗಸ್ಟ್ 23ರ ಅಧಿಸೂಚನೆ ವಿನಾಯಿತಿ ಕೊಟ್ಟಿತ್ತು. ಆ ವಿನಾಯಿತಿಯನ್ನು ನಂಬಿ ಹದಿನೈದು ವರ್ಷ ನೆಮ್ಮದಿಯಾಗಿ ಹಾಜರಿ ಕರೆದವರೆಲ್ಲ ಈಗ ಅಭ್ಯರ್ಥಿಗಳು. ಒಮ್ಮೆ ಪಾಸಾಗಿ ಒಂದು ದಿನವೂ ಪಾಠ ಮಾಡದವನ ಅರ್ಹತೆಗೆ ಅಂತ್ಯವಿಲ್ಲ, ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಸಿಕ್ಕಿದ್ದು ಎರಡು ವರ್ಷ.

ಕಂಟೈನ್‌ಮೆಂಟ್ ವಲಯದಲ್ಲಿ ಯೋಗಕ್ಷೇಮ ಕಲಿತ ನಮ್ಮ ಮೇಷ್ಟ್ರು ಈ ಎರಡನೇ ಗುಂಪಿನವರು. ಅವರ ಸರ್ವಿಸ್ ರಿಜಿಸ್ಟರಿನಲ್ಲಿ ಜನಗಣತಿ ಇದೆ, ಚುನಾವಣೆ ಇದೆ, ಕೋವಿಡ್ ಸಮೀಕ್ಷೆ ಇದೆ, ಹದಿನೆಂಟು ಮಾಡ್ಯೂಲಿನ ಹದಿನೆಂಟು ಪ್ರಿಂಟ್‌ಔಟ್ ಬೇರೆ ಪಿನ್ನು ಹೊಡೆದು ಇಟ್ಟುಕೊಂಡಿದ್ದಾರೆ. ಅದ್ಯಾವುದೂ ನಡೆಯುವುದಿಲ್ಲವೆಂದು ತಿಳಿದ ಮೇಲೆ ಆನ್‌ಲೈನ್ ಕೋಚಿಂಗಿಗೆ ಸೇರಿದರು. ಪಾಠ ಹೇಳುವ ಹುಡುಗ ಒಂದು ಕಾಲದಲ್ಲಿ ಇವರ ಬಳಿಯೇ ಮಗ್ಗಿ ಒಪ್ಪಿಸಿದವನು. ಇವರು ವಿಡಿಯೊ ಆಫ್ ಮಾಡಿಕೊಂಡು ಕೂರುತ್ತಾರೆ, ಅವನು ‘ಸಾರ್, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ’ ಅನ್ನುತ್ತಾನೆ. 150 ಪ್ರಶ್ನೆಯಲ್ಲಿ ಸಾಮಾನ್ಯ ವರ್ಗಕ್ಕೆ 90 ಬರಬೇಕು. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ್ದೇ ಮೂವತ್ತು, ಅಲ್ಲಿ ಅಂಕ ಬಿಡಬಾರದಂತೆ.

ಮೊನ್ನೆ ಅಣಕು ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಒಂದನೇ ತರಗತಿಯ ಮಗು ಬೆಳಿಗ್ಗೆಯಿಂದ ಅಳುತ್ತಿದೆ, ಶಿಕ್ಷಕರು ಮೊದಲು ಏನು ಮಾಡಬೇಕು? ಎ) ಅಳುವಿನ ಕಾರಣಗಳನ್ನು ವರ್ಗೀಕರಿಸಬೇಕು. ಬಿ) ಪೋಷಕರ ಸಭೆ ಕರೆಯಬೇಕು. ಸಿ) ಮಗುವಿನ ಭಾವನಾತ್ಮಕ ವಿಕಾಸದ ಹಂತವನ್ನು ಗುರುತಿಸಬೇಕು. ಡಿ) ಮೇಲಿನ ಎಲ್ಲವೂ. ಮೇಷ್ಟ್ರು ಮೂರು ಸಲ ಓದಿದರು. ಮೂಗು ಒರೆಸಿ, ತಿಂಡಿ ತಿಂದು ಬಂದೆಯಾ ಅಂತ ಕೇಳುವ ಆಯ್ಕೆ ಎಲ್ಲೂ ಸಿಗಲಿಲ್ಲ. ನೆಗೆಟಿವ್ ಮಾರ್ಕಿಂಗ್ ಇಲ್ಲವಲ್ಲ ಅಂತ ‘ಸಿ’ ಒತ್ತಿ ಮುಂದಕ್ಕೆ ಹೋದರು.