ಸಾಲ್ಮನ್ ಶಿಕಾರಿಯ ಹೊಸ ಶಿಷ್ಯ

ಸಾಲ್ಮನ್ ಮೀನಿಗೆ ಫ್ಲೈ, ಅಂದರೆ ಕೂದಲು-ಗರಿ ಸುತ್ತಿದ ಹುಸಿ ಆಹಾರದ ಗಾಳ, ಹಾಕಲು ಕಲಿಯುತ್ತಿರುವವನು ಸ್ಕಾಟ್ಲೆಂಡಿನ ಸ್ಪೇ, ಟೇ, ಡೀ, ಟ್ವೀಡ್ ನದಿಗಳ ದಡದಲ್ಲಿ ಕಾಣಸಿಗುತ್ತಾನೆ. ನಡುವಯಸ್ಸು, ನೆಲೆ ನಿಂತ ಉದ್ಯೋಗ, ಎದೆಮಟ್ಟದ ರಬ್ಬರ್ ಉಡುಪು ಮಾತ್ರ ಹೊಚ್ಚಹೊಸದು. ಅವನು ಬೆನ್ನು ಹತ್ತಿದ ಮೀನು ಮೊಟ್ಟೆಯಿಡಲು ಸಮುದ್ರದಿಂದ ಬಂದದ್ದು. ಹೊಳೆ ಸೇರಿದ ಮೇಲೆ ಅದು ಆಹಾರ ಮುಟ್ಟುವುದಿಲ್ಲ. ಉಪವಾಸ ಕೂತವರಿಗೆ ಊಟದ ಆಸೆ ತೋರಿಸುವುದೇ ಈ ವಿದ್ಯೆಯ ತಿರುಳು. ಕೆಲವೊಮ್ಮೆ ಅದು ಕಚ್ಚುವುದು ಸಿಟ್ಟಿಗೋ ಹಳೆಯ ಚಾಳಿಗೋ ಎಂದು ಬಲ್ಲವರೇ ಜಗಳವಾಡುತ್ತಾರೆ.

ಕೋಲು ಹದಿಮೂರರಿಂದ ಹದಿನೈದು ಅಡಿ, ಎರಡೂ ಕೈಯಲ್ಲಿ ಹಿಡಿಯುವಂಥದ್ದು. ದಡದ ಮರಗಳಿಂದಾಗಿ ದಾರವನ್ನು ಹಿಂದಕ್ಕೆ ಬೀಸಲು ಜಾಗವಿರುವುದಿಲ್ಲ. ಅದಕ್ಕೇ ಹತ್ತೊಂಬತ್ತನೇ ಶತಮಾನದಲ್ಲಿ ಸ್ಪೇ ದಡದವರು ದಾರದ ತುದಿಯನ್ನು ಪಕ್ಕದ ನೀರಿಗೆ ತಾಗಿಸಿ, ಬೆನ್ನ ಹಿಂದೆ ಚಿಕ್ಕ ಕುಣಿಕೆ ಮಾಡಿ ಮುಂದಕ್ಕೆ ಎಸೆಯುವ ವರಸೆ ಕಂಡುಕೊಂಡರು. ಹರಿವಿನ ಕೆಳದಿಕ್ಕಿಗೆ ಓರೆಯಾಗಿ ಎಸೆದರೆ ಸೆಳವೇ ಫ್ಲೈಯನ್ನು ಬಾಗಿಸಿ ಈಚೆ ದಡಕ್ಕೆ ತರುತ್ತದೆ. ಒಂದೆರಡು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯಬೇಕು, ಸಂಜೆಯವರೆಗೂ ಇಷ್ಟೇ. ಗಾಳಿ ಹೊಳೆಯ ಮೇಲ್ಮುಖವಾಗಿ ಬೀಸಿದರೆ ಸಿಂಗಲ್ ಸ್ಪೇ ಎಂಬ ವರಸೆ, ಕೆಳಮುಖವಾಗಿ ಬೀಸಿದರೆ ಡಬಲ್ ಸ್ಪೇ. ಅದಲುಬದಲಾದರೆ ಗಾಳ ಸೀದಾ ಕಿವಿಗೆ.

ಕೈಗಿಂತ ಮುಂಚೆ ಬಾಯಿ ಕಲಿಯುವುದು ಈ ಜಾತಿಯ ಲಕ್ಷಣ. ಮೊದಲು ಬಾಯಿಪಾಠವಾಗುವ ಮಾತು, "ನೀರು ಸರಿಯಿಲ್ಲ." ಒಂದೋ ಹೆಚ್ಚು, ಇಲ್ಲವೇ ಕಡಿಮೆ, ತಣ್ಣಗಿದ್ದರೂ ತಪ್ಪು, ತಿಳಿಯಾಗಿದ್ದರೂ ತಪ್ಪು. ಇಂಥವನೊಬ್ಬ ಏಪ್ರಿಲ್ ತಿಂಗಳಲ್ಲಿ ಸ್ಪೇ ದಡಕ್ಕೆ ಬಂದಿದ್ದಾಗ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಮಳೆ ಹಿಡಿದು, ಪೀಟ್ ಮಣ್ಣಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿತ್ತು. ಹೊಳೆ ಏರಲು ಶುರುವಾದ ಗಳಿಗೆಯಲ್ಲಿ ಮೀನು ಒಮ್ಮೊಮ್ಮೆ ಚುರುಕಾಗುತ್ತದೆ. ಆಮೇಲೆ ನೀರು ಇಳಿದು ತಿಳಿಯಾಗುವವರೆಗೆ ಕಾಯಬೇಕು. ಜೊತೆಗಿದ್ದ ಘಿಲ್ಲಿ, ಅಂದರೆ ದಾರಿ ತೋರಿಸುವ ಸ್ಥಳೀಯ, "ಈಗಲೇ ಹಾಕಿಬಿಡಿ ಸಾರ್" ಎಂದ. ಶಿಷ್ಯ ಕಾರಿನ ಬಾನೆಟ್ ಮೇಲೆ ಫ್ಲೈ ಡಬ್ಬಿಗಳನ್ನು ಬಿಚ್ಚಿದ. ಕಪ್ಪು, ಕಿತ್ತಳೆ, ಹಳದಿ ಕೂದಲಿನ ವಿಲ್ಲಿ ಗನ್ನೋ, ಕಿತ್ತಳೆಯ ಆಲೀಸ್ ಶ್ರಿಂಪೋ? ಒಂದನ್ನು ಕಟ್ಟಿದ, ಬಿಚ್ಚಿದ, ಬೆಳಕಿಗೆ ಹಿಡಿದು ನೋಡಿದ. ಕೊಡೆ ಹಿಡಿದು ನಿಂತಿದ್ದ ಬಡಪಾಯಿ ಸ್ನೇಹಿತನ ತೋಳು ಸೋತಿತು, ಅಳತೆಗೆಂದು ಗುರುತಿಟ್ಟುಕೊಂಡಿದ್ದ ಕಲ್ಲು ಮುಳುಗಿತು. ಕೊನೆಗೆ ಮುರಿದ ಕೊಂಬೆಗಳು ತೇಲಿಬಂದಾಗ ಅವನು ವಿಜಯದ ನಗೆಯಲ್ಲಿ, "ಹೇಳಿರಲಿಲ್ಲವೇ?" ಎಂದ. ಆ ರಾತ್ರಿ ಊಟದ ಮೇಜಿನಲ್ಲಿ ಏರುವ ನೀರಿನ ಬಗ್ಗೆ ಅವನು ಕೊಟ್ಟ ಉಪನ್ಯಾಸವನ್ನು ಘಿಲ್ಲಿಯೂ ಕೇಳಬೇಕಾಯಿತು. ಕೊಡೆಯವನ ಮಾತಂತೂ ಬಿಡಿ.

ಭಾನುವಾರ ಅವನಿಗೆ ನರಕ. ಸ್ಕಾಟ್ಲೆಂಡಿನ ಕಾನೂನಿನಂತೆ ಅಂದು ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ. ನೀರು ಸರಿಯಾಗುವುದೂ ಅಂದೇ. ಬರಿಗೈಯಲ್ಲಿ ಬಂದ ದಿನ ಅವನು ಜಾರ್ಜಿನಾ ಬ್ಯಾಲಂಟೈನ್ 1922ರಲ್ಲಿ ಟೇ ನದಿಯಲ್ಲಿ ಹಿಡಿದ 64 ಪೌಂಡಿನ ಸಾಲ್ಮನ್ ಕತೆ ಹೇಳುತ್ತಾನೆ. ಅದು ಫ್ಲೈಗೆ ಬಿದ್ದದ್ದಲ್ಲ ಎಂಬುದನ್ನು ನುಂಗಿಕೊಳ್ಳುತ್ತಾನೆ.

ಹಾಗೆಂದು ಅವನನ್ನು ಬರೀ ಬಡಾಯಿಗಾರ ಎನ್ನಲಾಗದು. ಕಾಲು ಮರಗಟ್ಟಿದರೂ ಕತ್ತಲಾಗುವವರೆಗೆ ಹೊಳೆ ಬಿಡುವುದಿಲ್ಲ. ಅಪ್ಪಿತಪ್ಪಿ ಮೀನು ಸಿಕ್ಕರೆ ಅದನ್ನು ನೀರಿನಿಂದ ಎತ್ತದೆ, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನೇ ಬಾಲ ಬೀಸಿ ಹೋಗುವವರೆಗೆ ಬಗ್ಗಿ ನಿಂತಿರುತ್ತಾನೆ. ಆಗ ಮಾತ್ರ ಅವನ ಬಾಯಿಗೆ ಬಿಡುವು. ಬ್ರಿಟನ್ನಿನ ಸಾಲ್ಮನ್ 2023ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಈಗ ಹಿಡಿದವರಲ್ಲಿ ಹೆಚ್ಚಿನವರು ಮೀನನ್ನು ಹೊಳೆಗೇ ಬಿಟ್ಟುಬರುತ್ತಾರೆ. ಹೀಗಾಗಿ ಅವನು ಹೇಳುವ ತೂಕಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ.

ಸ್ಪೇ ನದಿಯ ಹಂಗಾಮು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಚಳಿಗಾಲದಲ್ಲಿ ಅಭ್ಯಾಸ ಮನೆಯ ಹುಲ್ಲುಹಾಸಿನ ಮೇಲೆ, ನೆರೆಮನೆಯವರ ಒಣಹಾಕಿದ ಬಟ್ಟೆಗಳ ಆಸುಪಾಸಿನಲ್ಲಿ. ಮುಂದಿನ ವರ್ಷ ಹೊಳೆಯಲ್ಲಿ ಗಾಳ ಹಾಕುವ ವಾರವೊಂದಕ್ಕೆ ಮುಂಗಡ ಕಟ್ಟುವುದೂ ಆಗಲೇ. ನೀರು ಸರಿಯಿರಲಿಲ್ಲವೆಂದು ಹಣ ವಾಪಸು ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ.