ಬಿಟ್ಟಿ ಬಂದ ಭಾಗ್ಯ

ಜೆ.ಪಿ. ನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿರುವ ನಮ್ಮಕ್ಕನ ಮಗ ಮೊನ್ನೆ ಕ್ಯಾಟಲಾಗ್ ಹಿಡಿದು ಬಂದ. "ಮಾವ, ಪೇಷಂಟುಗಳಿಗೆ ಏನಾದರೂ ಕೊಡಬೇಕು. ವರ್ಷವಿಡೀ ಕ್ಲಿನಿಕ್ಕಿನ ಹೆಸರು ಅವರ ಕಣ್ಣಿಗೆ ಬೀಳ್ತಿರಬೇಕು" ಅಂದ. ಬೆನ್ನುಮೂಳೆ ಆಕಾರದ ಪೆನ್ ಸ್ಟ್ಯಾಂಡ್ ತೋರಿಸಿದ. ಇಲ್ಲದ ಬೆನ್ನುನೋವೂ ಬರುವಂತಿತ್ತು.

ಅವನನ್ನು ಸೀದಾ ಅಡುಗೆಮನೆಗೆ ಕರೆದೊಯ್ದೆ. ಬಿಟ್ಟಿ ಸಾಮಾನಿನ ಹಣೆಬರಹ ಬರೆಯುವುದು ಅಲ್ಲೇ, ನನ್ನ ಹೆಂಡತಿಯ ಕೈಯಲ್ಲಿ. ಜಯನಗರ ನಾಲ್ಕನೇ ಬ್ಲಾಕಿನ ಒಡವೆ ಅಂಗಡಿಯವರು ಅಕ್ಷಯ ತೃತೀಯಕ್ಕೆ ಕೊಟ್ಟ ಸ್ಟೀಲ್ ಡಬ್ಬಿ ಅವಳ ಪರೀಕ್ಷೆಯಲ್ಲಿ ಪಾಸಾಗಿ ಹುಣಸೆಹಣ್ಣಿಗೆ ನೆಲೆಯಾಗಿದೆ. ಮುಚ್ಚಳ ಬಿಗಿ, ಅಷ್ಟೇ ಅದರ ಅರ್ಹತೆ. ಬಿ.ಟಿ.ಎಂ. ಲೇಔಟಿನ ಕಂಪನಿಯೊಂದು ನನ್ನ ಮಗನಿಗೆ ಕೊಟ್ಟ ಟೀ ಶರ್ಟು ಮಾತ್ರ ಮೂರನೇ ಒಗೆತಕ್ಕೇ ನೆಲ ಒರೆಸುವ ಹುದ್ದೆಗೆ ಇಳಿಯಿತು. ಬೆನ್ನ ಮೇಲಿದ್ದ ಇಂಗ್ಲಿಷ್ ಘೋಷಣೆ ಈಗ ದಿನಾ ಬೆಳಿಗ್ಗೆ ಫಿನಾಯಿಲಿನಲ್ಲಿ ಮುಳುಗೇಳುತ್ತದೆ.

ಬ್ಯಾಂಕಿನವರ 2017ರ ಡೈರಿ ನಮ್ಮತ್ತೆಯ ಕೈಯಲ್ಲಿದೆ. ಅದರಲ್ಲಿ ರಾಮಕೋಟಿ ನಡೆದಿದೆ. ರಾಮನಿಗೆಲ್ಲಿಯ ತಾರೀಖು, ವಾರ!

ಕ್ಯಾಲೆಂಡರಿನ ವಿಷಯ ಬೇರೆ. ಗೋಡೆಯ ಮೊಳೆ ಒಂದೇ, ಉಮೇದುವಾರರು ಹಲವರು. ಸ್ವಿಟ್ಜರ್ಲೆಂಡಿನ ಹಿಮಬೆಟ್ಟದ್ದು ಎಷ್ಟು ನುಣುಪಾಗಿದ್ದರೂ ಠೇವಣಿ ಕಳೆದುಕೊಂಡು ಸುರುಳಿಯಾಗಿ ಅಟ್ಟ ಸೇರುತ್ತದೆ. ಗೆಲ್ಲುವುದು 1921ರಿಂದ ಬರುತ್ತಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಅದರಲ್ಲಿ ಚಿತ್ರದ ಬೆಡಗಿಲ್ಲ. ದಪ್ಪಕ್ಷರದ ತಾರೀಖು, ರಾಹುಕಾಲ, ಏಕಾದಶಿ, ಸಂಕಷ್ಟಿ, ಸರ್ಕಾರಿ ರಜೆ ಎಲ್ಲ ಇದೆ. ಕನ್ನಡಕ ಹುಡುಕದೆ ಓದಬಹುದು, ಹಾಲು ಬಾರದ ದಿನಕ್ಕೆ ಸುತ್ತು ಹಾಕಬಹುದು. ನಮ್ಮ ದಿನಸಿ ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಇದನ್ನೇ ಹಂಚುತ್ತಾರೆ. ಜಾಣರು. ನಾವು ಏಕಾದಶಿ ನೋಡಲು ಹೋದಾಗೆಲ್ಲ ಅವರ ಫೋನ್ ನಂಬರಿಗೂ ದರ್ಶನ ಕೊಟ್ಟು ಬರುತ್ತೇವೆ.

ಆದರೆ ಎಲ್ಲರನ್ನೂ ಮೀರಿಸಿದ್ದು ಮದುವೆಮನೆಯ ತಾಂಬೂಲದ ಚೀಲ. ತೆಂಗಿನಕಾಯಿ, ಎಲೆ, ಅಡಿಕೆ ಹೊತ್ತು ಮನೆಗೆ ಬಂದದ್ದು ಆಮೇಲೆ ಅಡ್ರೆಸ್ಸೇ ಬದಲಿಸುವುದಿಲ್ಲ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲಂತೂ ಅದರ ದೆಸೆ ತಿರುಗಿತು. ಬನಶಂಕರಿ ಗುಡಿಗೆ ನಿಂಬೆಹಣ್ಣು, ಸಾರಕ್ಕಿ ಮಾರ್ಕೆಟ್ಟಿನಿಂದ ದಂಟಿನ ಸೊಪ್ಪು, ಎಲ್ಲಕ್ಕೂ ಅದೇ. ನಾನು ಮುಖವನ್ನೇ ನೋಡದ ಯಾವುದೋ ವಧೂವರರ ಹೆಸರು ಹಿಡಿದು ಊರೆಲ್ಲ ತಿರುಗಿದ್ದೇನೆ. ಆ ದಂಪತಿ ಈಗ ಮಾತಾಡುತ್ತಾರೋ ಇಲ್ಲವೋ, ಚೀಲದ ಮೇಲೆ ಮಾತ್ರ ಅವರಿಗೆ ಅಗಲಿಕೆಯಿಲ್ಲ.

"ಹಾಗಾದರೆ ಚೀಲವೇ ಮಾಡಿಸೋಣ" ಅಂದ ಅಳಿಯರಾಯ. "ಎರಡೂ ಕಡೆ ಕ್ಲಿನಿಕ್ಕಿನ ಹೆಸರು, ದೊಡ್ಡದಾಗಿ."

ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಳು: "ಬಟ್ಟೆ ದಪ್ಪ ಇರಲಿ. ಹಿಡಿ ಹೆಗಲಿಗೆ ಬರೋಷ್ಟು ಉದ್ದ ಇರಲಿ, ತಳಕ್ಕೆ ಎರಡು ಹೊಲಿಗೆ ಹಾಕಿಸು. ಹೆಸರು ಒಂದೇ ಕಡೆ ಸಾಕಪ್ಪ."

"ಯಾಕತ್ತೆ?"

"ಬೇರೆ ಡಾಕ್ಟರ ಹತ್ತಿರ ಹೋಗುವಾಗ ತಿರುಗಿಸಿ ಹಿಡಿಯೋಕೆ ಬೇಡವಾ?"