ಪ್ರಶಸ್ತಿ ಗೆಲ್ಲುವ ಯಂತ್ರ: ಬಳಕೆದಾರರ ಕೈಪಿಡಿ

ತಂತ್ರಜ್ಞಾನದಿಂದ ಸಮಾಜವನ್ನು ಉದ್ಧರಿಸಿ, ಆ ಪುಣ್ಯಕ್ಕೊಂದು ಪ್ರಶಸ್ತಿ ಪಡೆಯಲು ಹೊರಟ ತಮಗೆ ಅಭಿನಂದನೆಗಳು. ಪೆಟ್ಟಿಗೆ ತೆರೆಯುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಯಂತ್ರ ಇನ್ನೂ ತಯಾರಾಗಿಲ್ಲವೇ? ಚಿಂತೆ ಬೇಡ, ಚಿತ್ರ ಸಾಕು.

ಬಿಡಿಭಾಗಗಳು: ಬಡವರ ಒಂದು ಕಷ್ಟ, ಅದನ್ನು ನೀಗಿಸುವ ಒಂದು ಸಲಕರಣೆ, ನಗುವ ಮಕ್ಕಳ ಒಂದು ಫೋಟೊ, ಒಂದು ಪಿಪಿಟಿ. ವಾಷರ್, ಬೋಲ್ಟು, ಸ್ಪ್ಯಾನರ್ ಕೊಟ್ಟಿರುವುದಿಲ್ಲ. ಅವನ್ನು ಕೇಳುವವರು ಹಳ್ಳಿಯವರು. ಅರ್ಜಿ ಓದುವವರು ಬೇರೆ.

ಕಷ್ಟವನ್ನು ಆರಿಸುವ ಕ್ರಮ: ಫೋಟೊಗೆ ಒಗ್ಗುವಂಥದ್ದನ್ನೇ ಆರಿಸಿ. ನೀರು, ಬೆಳಕು, ಒಲೆಯ ಹೊಗೆ ಚೆನ್ನಾಗಿ ಬರುತ್ತವೆ. ಪಹಣಿಯಲ್ಲಿ ಹೆಸರು ತಪ್ಪಾಗಿ ವರ್ಷಗಟ್ಟಲೆ ಕಚೇರಿಗೆ ಅಲೆಯುವುದೂ ಕಷ್ಟವೇ. ಆದರೆ ಫೋಟೊದಲ್ಲಿ ಅದು, ಯಾರೋ ಕಾಗದ ಹಿಡಿದು ನಿಂತಂತೆ ಕಾಣುತ್ತದೆ, ಅಷ್ಟೆ.

ಜೋಡಣೆ: ಮಾದರಿಗಾಗಿ ದಕ್ಷಿಣ ಆಫ್ರಿಕದ ಪ್ಲೇಪಂಪ್ ನೋಡಿ. ಮಕ್ಕಳು ಕೂತು ಆಡುವ ತಿರುಗಣಿ. ಅದು ಸುತ್ತಿದಂತೆ ನೆಲದಡಿಯ ನೀರು ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ಸುತ್ತ ಜಾಹೀರಾತು, ಆ ಹಣದಲ್ಲಿ ರಿಪೇರಿ. ಆಟವೂ ಆಯಿತು, ನೀರೂ ಬಂತು, ಊರಿಗೆ ಕಾಸಿನ ಖರ್ಚಿಲ್ಲ. ಯಾವ ತೀರ್ಪುಗಾರರ ಮನಸ್ಸು ತಾನೇ ಕರಗದು? 2000ದಲ್ಲಿ ವಿಶ್ವಬ್ಯಾಂಕಿನ ಡೆವಲಪ್‌ಮೆಂಟ್ ಮಾರ್ಕೆಟ್‌ಪ್ಲೇಸ್ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅವರೇ ವೇದಿಕೆಗೆ ಬಂದು 1.64 ಕೋಟಿ ಡಾಲರ್ ನೆರವು ಸಾರಿದರು. ಪ್ಲೇಪಂಪಿನವರು 2010ರೊಳಗೆ ಆಫ್ರಿಕದಲ್ಲಿ 4,000 ಪಂಪು ಕೂರಿಸುವ ಗುರಿ ಹಾಕಿಕೊಂಡರು.

ಎಚ್ಚರಿಕೆ: ಅಂಜುಬುರುಕ ಅರ್ಜಿದಾರರು ಈ ಭಾಗವನ್ನು ಓದದೆ ಮುಂದೆ ಹೋಗಬಹುದು. ಮಕ್ಕಳು ಶಾಲೆಯಲ್ಲಿದ್ದಾಗ, ಆಡಿ ದಣಿದಾಗ, ಆಟವೇ ಬೇಜಾರಾದಾಗ ಆ ತಿರುಗಣಿಯನ್ನು ತಳ್ಳಬೇಕಾದವರು ಹೆಂಗಸರು. ಕೆಲವೆಡೆ ಇದ್ದ ಕೈಪಂಪನ್ನು ಕಿತ್ತೇ ಇದನ್ನು ಕೂರಿಸಿದ್ದರು. ಕೊಳ್ಳುವ ಶಕ್ತಿಯಿಲ್ಲದ ಊರಿನ ತೊಟ್ಟಿಗೆ ಜಾಹೀರಾತು ಕೊಡುವವರು ಸಿಗಲಿಲ್ಲ. ರಿಪೇರಿಯ ಹಣವೂ ಹುಟ್ಟಲಿಲ್ಲ. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕೆಂದು 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತು. (ನಮ್ಮ ಮನೆಯ ಹುಡುಗರನ್ನು ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ.) ಹಾಗೆಂದು ತೀರ್ಪುಗಾರರನ್ನು ಬೈದು ಫಲವಿಲ್ಲ. ಅವರ ಮುಂದಿದ್ದುದು ಅರ್ಜಿ. ಅರ್ಜಿಗೆ ತುಕ್ಕು ಹಿಡಿಯುವುದಿಲ್ಲ.

ದೋಷ ನಿವಾರಣೆ: ಬಹುಮಾನದ ಹಣ ಬಂದಿಲ್ಲವೇ? ಕಾಯಿರಿ. ನಡುಗಡಲಲ್ಲಿ ಹಡಗಿನ ರೇಖಾಂಶ ಹೇಳುವವರಿಗೆ 20,000 ಪೌಂಡ್ ಎಂದು ಬ್ರಿಟಿಷ್ ಸಂಸತ್ತು 1714ರಲ್ಲೇ ಸಾರಿತ್ತು. ಹಡಗಿನಲ್ಲೂ ಸರಿಯಾದ ಸಮಯ ತೋರಿಸಿದರೆ ರೇಖಾಂಶ ಸಿಕ್ಕಂತೆ ಎಂದು ಬಡಗಿಯ ಮಗ ಜಾನ್ ಹ್ಯಾರಿಸನ್ ದಶಕಗಟ್ಟಲೆ ಗಡಿಯಾರ ತಿದ್ದಿದ. ಸಮುದ್ರದ ಪರೀಕ್ಷೆಯಲ್ಲಿ ಗಡಿಯಾರ ಗೆದ್ದಿತು. ತೀರ್ಪು ಕೊಡುವ ಮಂಡಳಿಯ ಖಗೋಳಜ್ಞರಿಗೋ ಚಂದ್ರನನ್ನು ನೋಡಿ ರೇಖಾಂಶ ಹೇಳುವ ಲೆಕ್ಕವೇ ಪ್ರೀತಿ. ದೊರೆಯವರೆಗೆ ದೂರು ಹೋದ ಮೇಲೆ, 1773ರಲ್ಲಿ, ಕೊನೆಯ ಕಂತಾಗಿ 8,750 ಪೌಂಡ್ ಕೈಸೇರಿತು. ಆಗ ಅವನಿಗೆ 80 ವರ್ಷ. ತಾವು ಬ್ಯಾಂಕಿನ ಐಎಫ್‌ಎಸ್‌ಸಿ ಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಕೈಪಿಡಿಗೆ ಹೊಂದದ ಮಾದರಿಗಳು: ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಇಲ್ಲಿನ ಒಂದು ಸೂಚನೆಯನ್ನೂ ಪಾಲಿಸಲಿಲ್ಲ. ಬೆಳಗ್ಗೆ ಎಚ್ಚರವಾಗುವುದಿಲ್ಲವೆಂದು ಮುಖದ ಮೇಲೆ ನೀರು ಸುರಿಯುವ ಅಲಾರಂ ಮಾಡಿಕೊಂಡರು. ಹುಣಸೆ ಬೆಳೆದರು, ಬೀಜ ಬಿಡಿಸುವುದು ಪೀಕಲಾಟವಾಯಿತು, ಅದಕ್ಕೊಂದು ಯಂತ್ರ ಮಾಡಿದರು. ಆಮೇಲೆ ಬೀಜ, ಗೊಬ್ಬರ ಒಟ್ಟಿಗೆ ಬೀಳುವ ಕೂರಿಗೆ. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ ಬಂದದ್ದು 2015ರಲ್ಲಿ, ಪದ್ಮಶ್ರೀ 2022ರಲ್ಲಿ. ಮೊದಲು ಯಂತ್ರ, ಆಮೇಲೆ ಪ್ರಶಸ್ತಿ: ಜೋಡಣೆಯೇ ಉಲ್ಟಾ. ಬೆಂಗಳೂರಿನ ಸೆಲ್ಕೊ ಕಂಪನಿಯದೂ ಇದೇ ದೋಷ. 1995ರಲ್ಲಿ ಶುರುವಾದ ಅದು ಸೌರದೀಪವನ್ನಷ್ಟೇ ಮಾರದೆ, ಕೊಳ್ಳಲು ಬ್ಯಾಂಕ್ ಸಾಲ ಕೊಡಿಸುವ, ಕೆಟ್ಟರೆ ಮೆಕ್ಯಾನಿಕ್ ಕಳಿಸುವ ಉಸಾಬರಿಯನ್ನೂ ಮೈಮೇಲೆ ಹಾಕಿಕೊಂಡಿತು. ಆಶ್ಡೆನ್ ಪ್ರಶಸ್ತಿಗೆ 2005ರವರೆಗೆ, ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ ಮ್ಯಾಗ್ಸೆಸೆ ಸಿಗಲು 2011ರವರೆಗೆ ಕಾಯಬೇಕಾಯಿತು. ಅವಸರವಿರುವವರಿಗೆ ಈ ಮಾದರಿ ಹೇಳಿದ್ದಲ್ಲ.

ಕೊನೆಯ ಸೂಚನೆ: ಸಹಿ ಮಾಡುವ ಮೊದಲು ಅರ್ಜಿಯನ್ನು ತಿರುಗಿಸಿ ನೋಡಿ. ‘ಯಂತ್ರ ಕೆಟ್ಟರೆ ಊರಿನವರು ಯಾರಿಗೆ ಫೋನ್ ಮಾಡಬೇಕು?’ ಎಂಬ ಕಾಲಂ ಕಂಡರೆ ಆ ಸ್ಪರ್ಧೆಯನ್ನು ಬಿಟ್ಟು ಬೇರೊಂದಕ್ಕೆ ಅರ್ಜಿ ಹಾಕಿ. ಅಲ್ಲಿ ಕೊನೆಯ ದಿನಾಂಕವನ್ನು ಹೇಗೂ ಮುಂದಕ್ಕೆ ಹಾಕಿರುತ್ತಾರೆ.